ರಾತ್ರಿ ಉಬ್ಬಸಕ್ಕೆ ಎದ್ದು ಕೂರೋರಿಗೆ: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮತ್ತೆಗೆ 58 ವರ್ಷ, ಆಸ್ತಮಾ ಇದೆ. ಎರಡು ಪಂಪು (ಇನ್‌ಹೇಲರ್) ಬರ್ಕೊಟ್ಟಿದಾರೆ. ಉಬ್ಬಸ ಬಂದಾಗ ತಗೊಳ್ಳೋದನ್ನ ಮಾತ್ರ ತಗೋತಾರೆ, ದಿನಾ ತಗೊಳ್ಳೋದು ಕಪಾಟಲ್ಲೇ ಇದೆ, ಅದು ಸ್ಟೀರಾಯ್ಡು, ಅಭ್ಯಾಸ ಆಗಿಬಿಡುತ್ತೆ ಅಂತಾರೆ. ಮಳೆಗಾಲ ಹಿಡೀತು ಅಂದ್ರೆ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತು ಸುಯ್ ಸುಯ್ ಅಂತ ಉಸಿರು ಎಳೀತಿರ್ತಾರೆ. ಕೇಳಿದ್ರೆ "ನಮ್ಮ ಕಡೆ ಮಳೆಗಾಲದಲ್ಲಿ ಇದು ಇದ್ದದ್ದೇ ಬಿಡೇ" ಅಂತಾರೆ. ಏನ್ ಮಾಡ್ಲಿ? (ತೀರ್ಥಹಳ್ಳಿ ತಾಲೂಕಿನ ಓದುಗರು)

ಉತ್ತರ: ಇದ್ದದ್ದೇ ಅಲ್ಲಮ್ಮ, ಮೊದ್ಲು ಅದನ್ನ ಅತ್ತೆಗೆ ಹೇಳಿ. ಆಸ್ತಮಾ ಇರೋರು ರಾತ್ರಿ ಉಬ್ಬಸಕ್ಕೆ ಏಳ್ತಿದಾರೆ ಅಂದ್ರೆ ಕಾಯಿಲೆ ಹತೋಟೀಲಿ ಇಲ್ಲ ಅಂತಾನೇ ಅರ್ಥ, ಊರು ಆಗುಂಬೆ ಆದ್ರೂ ಅಷ್ಟೇ ಬಳ್ಳಾರಿ ಆದ್ರೂ ಅಷ್ಟೇ. ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಆಗುಂಬೇಲೂ ಆಸ್ತಮಾ ಇರೋರು ಬೆಳಗಿನ ತನಕ ನಿದ್ದೆ ಮಾಡೋ ಹಾಗೆ ಮಾಡಬಹುದು.

ಎರಡು ಮೂರು ಗಂಟೆಗೇ ಯಾಕೆ ಅಂತ ಹೇಳ್ತೀನಿ. ಊತ ಇಳಿಸೋ ಹಾರ್ಮೋನು ನಮ್ಮ ದೇಹದಲ್ಲೇ ಇದೆ, ಕಾರ್ಟಿಸಾಲ್ ಅಂತ, ಅದು ನಡುರಾತ್ರಿ ಹೊತ್ತಿಗೆ ತೀರಾ ಕಮ್ಮಿ ಆಗಿರುತ್ತೆ, ಉಸಿರಿನ ಕೊಳವೆಗಳೂ ಆ ಹೊತ್ತಿಗೆ ಸಹಜವಾಗೇ ಸ್ವಲ್ಪ ಕಿರಿದಾಗ್ತವೆ. ಅದರ ಮೇಲೆ, ಒಂಬತ್ತು ಗಂಟೆಗೆ ಸಾಲ್ಬುಟಮಾಲ್ ಪಂಪು, ಅಂದ್ರೆ ಉಬ್ಬಸ ಬಂದಾಗ ತಗೊಳ್ಳೋದು, ಎಳ್ಕೊಂಡು ಮಲಗಿದ್ರೆ ಅದರ ಕೆಲಸ ನಾಲ್ಕರಿಂದ ಆರು ತಾಸು ಅಷ್ಟೇ, ಸರಿಯಾಗಿ ಆ ಹೊತ್ತಿಗೇ ಮುಗಿದು ಹೋಗಿರುತ್ತೆ. ಆ ಪಂಪು ಕೊಳವೆ ಸುತ್ತ ಬಿಗಿದಿರೋ ಸ್ನಾಯುನ ಸಡಿಲ ಮಾಡುತ್ತೆ, ಒಳಗಿನ ಊತ ಹಾಗೇ ಇರುತ್ತೆ, ಕಫ ಹುಟ್ಟೋದೂ ಹಾಗೇ ಇರುತ್ತೆ. ಊತ ಇಳಿಸೋದು ಕಪಾಟಲ್ಲಿ ಇಟ್ಟಿದಾರಲ್ಲ ಅದು. ತಗೊಂಡ ಕೂಡ್ಲೇ ಏನೂ ಗೊತ್ತಾಗಲ್ಲ, ನಿಜ, ಫರಕು ಕಾಣೋಕೆ ಕೆಲವು ದಿನ, ಕೆಲವರಿಗೆ ವಾರಗಳೇ ಬೇಕು, ಅದಕ್ಕೇ ಜನ ಬಿಟ್ಟುಬಿಡ್ತಾರೆ. 2019ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿನೂ ಸಾಲ್ಬುಟಮಾಲ್ ಒಂದನ್ನೇ ನಂಬ್ಕೊಂಡು ಆಸ್ತಮಾ ನಡೆಸಬೇಡಿ ಅಂತ ಖಡಾಖಂಡಿತ ಹೇಳ್ತಿದೆ.

ಸ್ಟೀರಾಯ್ಡ್ ಭಯ ನಂಗೆ ಅರ್ಥ ಆಗುತ್ತೆ. ಆದ್ರೆ ಲೆಕ್ಕ ನೋಡಿ, ಪಂಪಲ್ಲಿ ಒಂದು ಸಲಕ್ಕೆ ಬರೋದು 100, 200 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲೋ ಐದನೇ ಒಂದು ಪಾಲೋ, ಅದೂ ನೇರ ಶ್ವಾಸಕೋಶಕ್ಕೆ. ಇದನ್ನ ತಪ್ಪಿಸಿ ಜೋರಾದಾಗ ನುಂಗೋ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ತನಕ ಹೋಗುತ್ತೆ, ಮೈಯೆಲ್ಲಾ ಸುತ್ತುತ್ತೆ. ಯಾವುದಕ್ಕೆ ಹೆದರಬೇಕು ನೀವೇ ಹೇಳಿ. ಅಭ್ಯಾಸ ಆಗೋದು ಅನ್ನೋದಂತೂ ಇಲ್ಲವೇ ಇಲ್ಲ.

ಇನ್ನು ತಗೊಳ್ಳೋ ಕ್ರಮ, ಇಲ್ಲೇ ತುಂಬಾ ಜನರ ಔಷಧಿ ಬಾಯಲ್ಲೇ ಉಳಿದು ಹೋಗೋದು. ಮೆಡಿಕಲ್ ಶಾಪಲ್ಲಿ ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬ ಸಿಗುತ್ತೆ, ತಗೊಳ್ಳಿ. ಪಂಪು ಅಲ್ಲಾಡಿಸಿ ಅದಕ್ಕೆ ಸಿಗಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಒಂದು ಸಲ ಒತ್ತಿ, ನಿಧಾನಕ್ಕೆ ಆಳವಾಗಿ ಎಳ್ಕೊಂಡು ಹತ್ತು ಎಣಿಸೋ ತನಕ ಹಿಡೀಬೇಕು. ಕ್ಯಾಪ್ಸೂಲ್ ಹಾಕೋ ಪುಡಿ ಯಂತ್ರ ಆದ್ರೆ ಉಲ್ಟಾ, ಅದಕ್ಕೆ ಸ್ಪೇಸರ್ ಬೇಡ, ಜೋರಾಗಿ ಎಳೀಬೇಕು. ಆಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಇಲ್ದಿದ್ರೆ ನಾಲಿಗೆ ಮೇಲೆ ಬೆಳ್ಳಗೆ ಫಂಗಸ್ ಆಗುತ್ತೆ, ಗಂಟಲು ಒಡೆಯುತ್ತೆ.

ಆಮೇಲೆ ಅತ್ತೆ ಮಲಗೋ ಕೋಣೆಗೆ ಹೋಗಿ ನೋಡಿ. ಗೋಡೆಗೆ ಬೂಷ್ಟು ಬಂದಿದ್ಯಾ, ಒಳಗೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಿದೀರಾ, ಬಚ್ಚಲು ಒಲೆ ಹೊಗೆ ಆ ಕಡೆಗೇ ಬರುತ್ತಾ? ಗ್ಯಾಸ್ ಬಂದ ಮೇಲೂ ನಮ್ಮ ಕಡೆ ಹಂಡೆ ಒಲೆ ಎಲ್ಲಿ ಆರಿದೆ ಹೇಳಿ. ಬೆಂಕಿ ಹಾಕೋ ಕೆಲಸ ಅತ್ತೆಯಿಂದ ತಪ್ಪಿಸಿ, ಬಚ್ಚಲಿನ ಬಾಗಿಲು ಮುಚ್ಚಿಟ್ಟು ಹೊಗೆ ಕೊಳವೆ ಹಾಕಿಸಿ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಇರುತ್ತೆ, ಗಾಳಿಯ ತೇವಾಂಶ ನೂರಕ್ಕೆ ಐವತ್ತರ ಮೇಲಿದ್ರೆ ಅದಕ್ಕೆ ಹಬ್ಬ, ನಮ್ಮ ಜಡಿಮಳೇಲಿ ಅಷ್ಟಿಲ್ಲದ ದಿನ ಯಾವುದು? ತಣ್ಣೀರಲ್ಲಿ ಒಗೆದ್ರೆ ಸಾಯಲ್ಲ, 60 ಡಿಗ್ರಿ ಬಿಸಿ ನೀರು ಬೇಕು, ಹಂಡೇಲಿ ಕಾದಿರೋ ನೀರಲ್ಲೇ ವಾರಕ್ಕೊಂದು ಸಲ ದಿಂಬಿನ ಕವರು, ಬೆಡ್‌ಶೀಟು ನೆನೆಸಿ ಒಗೀರಿ. ಹಳೇ ಕಂಬಳಿ ಅವರ ಕೋಣೆಯಿಂದ ಆಚೆ ಹೋಗಲಿ. ಬೂಷ್ಟನ್ನ ಸೋಪು ನೀರಲ್ಲಿ ನೀವೇ ಮಾಸ್ಕ್ ಹಾಕ್ಕೊಂಡು ಒರೆಸಿ, ಅವರ ಕೈಲಿ ಮಾಡಿಸಬೇಡಿ. ಸೊಳ್ಳೆ ಬತ್ತಿ ಬೇಡ, ಸೊಳ್ಳೆ ಪರದೆ ಕಟ್ಟಿ. ಹುಳಿತೇಗು, ಎದೆಯುರಿ ಇದ್ರೆ ರಾತ್ರಿ ಊಟ ಮಲಗೋಕೆ ಮೂರು ತಾಸು ಮುಂಚೆ ಮುಗಿಸಿ, ಮಂಚದ ತಲೆ ಕಡೆ ಕಾಲಿಗೆ ಹಲಗೆ ಕೊಟ್ಟು ಎತ್ತರ ಮಾಡಿ.

ಪ್ರಶ್ನೆ: ಮಗನಿಗೆ ಮೂರು ವರ್ಷ. ಶೀತ ಆದಾಗೆಲ್ಲ ಎದೇಲಿ ಕಫ ಗೊರ ಗೊರ ಅನ್ನುತ್ತೆ, ರಾತ್ರಿಯೆಲ್ಲಾ ಕೆಮ್ಮು. ನಮ್ಮಮ್ಮ ಆಡುಸೋಗೆ ಕಷಾಯ, ದೊಡ್ಡಪತ್ರೆ ರಸ, ಕರ್ಪೂರದೆಣ್ಣೆ, ಹಬೆ ಎಲ್ಲಾ ಮಾಡ್ತಾರೆ. ಮಾಡ್ಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಅಜ್ಜಿ ಕಾಳಜಿಗೆ ನಾನು ಅಡ್ಡ ಬರಲ್ಲ. ಆಡುಸೋಗೆಯಲ್ಲಿರೋ ವ್ಯಾಸಿಸಿನ್ ಅನ್ನೋ ಅಂಶದಿಂದಲೇ ಕಫ ತೆಳು ಮಾಡೋ ಬ್ರೋಮ್‌ಹೆಕ್ಸಿನ್ ಔಷಧಿ ರೂಪಿಸಿದ್ದು, ಅಂದ್ರೆ ಹಳಬರು ಸುಮ್ನೆ ಹೇಳಿದ್ದಲ್ಲ. ಆದ್ರೆ ಮನೇಲಿ ಕುದಿಸಿದ್ರಲ್ಲಿ ಎಷ್ಟು ಅಂಶ ಇಳಿದಿದೆ ಗೊತ್ತಾಗಲ್ಲ, ಇಷ್ಟು ಚಿಕ್ಕ ಮಗುವಿಗೆ ಅದು ಬೇಡ. ಬೆಚ್ಚಗಿನ ನೀರು, ಸಾರು, ಮಲಗೋ ಮುಂಚೆ ಒಂದು ಚಮಚ ಜೇನುತುಪ್ಪ ಕೊಡಿ, ಕೆಮ್ಮಿಗೆ ಹಿತ. ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಜೇನು ಕೊಡಲೇಬಾರದು. ಹಬೆ ಬೇಡವೇ ಬೇಡ, ಬಿಸಿ ನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳೋದು ಎಲ್ಲಾ ಕಡೆ ಆಗ್ತಾನೇ ಇರುತ್ತೆ, ಹಬೆ ಮೂಗನ್ನ ಸ್ವಲ್ಪ ಬಿಡಿಸಬಹುದೇ ಹೊರತು ಉಬ್ಬಸಕ್ಕೆ ಔಷಧಿ ಅಲ್ಲ. ಕರ್ಪೂರನೂ ಬೇಡ, ಹೊಟ್ಟೆಗೆ ಹೋದ್ರೆ ಮಕ್ಕಳಿಗೆ ಫಿಟ್ಸ್ ಬರುತ್ತೆ.

ಪದೇ ಪದೇ ಹೀಗಾದ್ರೆ ಮಕ್ಕಳ ಡಾಕ್ಟರ್ ಹತ್ರ ಉಬ್ಬಸ ಇದ್ಯಾ ನೋಡಿಸಿ. ಪಂಪು ಬರೆದ್ರೆ ಅಳಬೇಡಿ, ಮಾಸ್ಕ್ ಇರೋ ಸ್ಪೇಸರಲ್ಲಿ ಸರಿಯಾಗಿ ಕೊಟ್ರೆ ಸಾಮಾನ್ಯ ಉಬ್ಬಸಕ್ಕೆ ನೆಬ್ಯುಲೈಜರ್ (ಔಷಧಿನ ಮಂಜಿನ ಥರ ಮಾಡಿ ಕೊಡೋ ಯಂತ್ರ) ಅಷ್ಟೇ ಕೆಲಸ ಮಾಡುತ್ತೆ. ಮಗು ಸುಮ್ನೆ ಇರೋವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ, ನಲವತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಪಕ್ಕೆ ಒಳಗೆ ಸೆಳೀತಿದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಪ್ರಶ್ನೆ: ಅಪ್ಪನಿಗೆ 60. ಮಳೆಗಾಲದಲ್ಲಿ ಕೊಟ್ಟಿಗೆ ಅಟ್ಟದಿಂದ ಒಣಹುಲ್ಲು ಇಳಿಸಿದ ದಿನ ಸಂಜೆ ಚಳಿ ಜ್ವರ, ಕೆಮ್ಮು, ದಮ್ಮು. ಒಂದೆರಡು ದಿನಕ್ಕೆ ಕಮ್ಮಿ ಆಗುತ್ತೆ, ಮತ್ತೆ ಹುಲ್ಲು ಇಳಿಸಿದ್ರೆ ಮತ್ತೆ ಅದೇ. ಇದೂ ಆಸ್ತಮಾನಾ? (ಸಾಗರ ಕಡೆಯ ಓದುಗರು)

ಉತ್ತರ: ನೀವು ಹುಲ್ಲಿನ ವಿಷಯ ಬರೆದಿದ್ದು ಬಹಳ ಒಳ್ಳೇದಾಯ್ತು, ಎಷ್ಟೋ ಜನ ಡಾಕ್ಟರಿಗೆ ಇದನ್ನ ಹೇಳೋದೇ ಇಲ್ಲ. ಬೂಷ್ಟು ಹಿಡಿದ ಹುಲ್ಲಿನ ಧೂಳು ಒಳಗೆ ಹೋಗಿ ನಾಲ್ಕರಿಂದ ಎಂಟು ತಾಸಿಗೆ ಜ್ವರ, ದಮ್ಮು ಬಂದ್ರೆ ಅದು ಫಾರ್ಮರ್ಸ್ ಲಂಗ್ ಅನ್ನೋ ಬೇರೇ ಕಾಯಿಲೆ ಇರಬಹುದು. ಆಸ್ತಮಾ ಇರೋದು ಕೊಳವೆಯಲ್ಲಿ, ಇದು ಶ್ವಾಸಕೋಶದ ಒಳಗೇ ಆಗೋ ಊತ, ವರ್ಷಗಟ್ಟಲೆ ಹೀಗೇ ನಡೆದ್ರೆ ಒಳಗೆ ಕಲೆ ಕಟ್ಟಿ ಗಟ್ಟಿಯಾಗುತ್ತೆ, ಆ ಕಲೆ ಆಮೇಲೆ ಹೋಗಲ್ಲ. ಇವತ್ತಿಂದ್ಲೇ ಹುಲ್ಲಿನ ಕೆಲಸ ಅಪ್ಪ ಬಿಡಬೇಕು, ಮುಖಕ್ಕೆ ಟವಲ್ ಸುತ್ತಿಕೊಂಡ್ರೆ ಸಾಕಾಗಲ್ಲ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಕರ್ಕೊಂಡು ಹೋಗಿ, ಎಕ್ಸ್‌ರೇ, ಊದಿಸೋ ಪರೀಕ್ಷೆ, ಬೇಕಾದ್ರೆ ಸಿಟಿ ಸ್ಕ್ಯಾನ್ ಮಾಡ್ತಾರೆ. ಕೆಮ್ಮು ಎರಡು ವಾರ ದಾಟಿದ್ರೆ ಕಫ ಪರೀಕ್ಷೆನೂ ಆಗಲಿ, ಕ್ಷಯ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ, ಸರ್ಕಾರಿ ಆಸ್ಪತ್ರೇಲಿ ಅದು ಫ್ರೀ.

ಪ್ರಶ್ನೆ: ನಮ್ಮೂರಿಂದ ಆಸ್ಪತ್ರೆ ದೂರ, ಮಳೇಲಿ ರಾತ್ರಿ ಗಾಡಿ ಸಿಗಲ್ಲ. ನಂಗೆ ಉಬ್ಬಸ ಜೋರಾದ್ರೆ ಮನೇಲಿ ಏನ್ ಮಾಡ್ಬೇಕು? (ಹೊಸನಗರ ತಾಲೂಕಿನ ಓದುಗರು)

ಉತ್ತರ: ಮಲಗಬೇಡಿ, ಕುರ್ಚೀಲಿ ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈ ಊರಿ ಕೂತ್ಕೊಳ್ಳಿ. ಸಾಲ್ಬುಟಮಾಲ್ ಪಂಪನ್ನ ಸ್ಪೇಸರಲ್ಲಿ ಒಂದೊಂದೇ ಒತ್ತಿ, ಪ್ರತಿ ಸಲಕ್ಕೂ ನಾಲ್ಕೈದು ಉಸಿರು ತಗೊಂಡು, ಹೀಗೆ ನಾಲ್ಕು ಸಲ. ಐದು ನಿಮಿಷದಲ್ಲಿ ಇಳೀಲಿಲ್ಲ ಅಂದ್ರೆ ಇನ್ನು ನಾಲ್ಕು, ಅಷ್ಟರಲ್ಲಿ ಮನೆಯವರು 108ಕ್ಕೆ ಫೋನ್ ಮಾಡಿರಬೇಕು, ದಾರೀಲೂ ಪಂಪು ನಿಲ್ಲಿಸಬೇಡಿ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ತಿಲ್ಲ, ತುಟಿ ನೀಲಿ ಆಗ್ತಿದೆ, ಮಂಪರು ಬರ್ತಿದೆ ಅಂದ್ರೆ ಈ ಐದು ನಿಮಿಷನೂ ಕಾಯ್ದೇ ಹೊರಡಿ. ನಿದ್ದೆ ಮಾತ್ರೆ, ನಿದ್ದೆ ಬರಿಸೋ ಕೆಮ್ಮಿನ ಸಿರಪ್ ತಗೋಬೇಡಿ, ಉಸಿರಾಟನೇ ಕುಗ್ಗಿಸುತ್ತೆ.

ನಿಮ್ಮಷ್ಟು ದೂರ ಇರೋರು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಡಾಕ್ಟರ್ ಹತ್ರ ಹೋಗಿ, ಜೋರಾದ್ರೆ ಯಾವ ಮಾತ್ರೆ ಎಷ್ಟು ತಗೋಬೇಕು ಅಂತ ಚೀಟೀಲಿ ಬರೆಸ್ಕೊಂಡು, ಆ ಮಾತ್ರೆನೂ ಒಂದು ಹೆಚ್ಚಿನ ಪಂಪೂ ತಂದಿಟ್ಕೊಳ್ಳಿ. ಪಂಪಿನ ಮೇಲಿರೋ ಅವಧಿ ದಿನಾಂಕ, ಒಳಗೆ ಇನ್ನೆಷ್ಟು ಉಳಿದಿದೆ ಅನ್ನೋದನ್ನ ಆಗಾಗ ನೋಡ್ತಿರಿ, ಕರೆಂಟು ಹೋದ್ರೂ ಕೈಗೆ ಸಿಗೋ ಜಾಗದಲ್ಲಿ ಟಾರ್ಚ್ ಪಕ್ಕ ಇಡಿ, ಎಲ್ಲಿದೆ ಅಂತ ಮನೆಯವರಿಗೆಲ್ಲಾ ಗೊತ್ತಿರಲಿ.