ಪ್ರತಿಕ್ರಿಯೆ: ಪುಸ್ತಕ ಆಮೇಲೆ, ಮೊದಲು ಫೈಲ್ ನೋಡಿ

ದಾವಣಗೆರೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ, ಮುಂದಿನ ವಾರ ಓರಿಯೆಂಟೇಶನ್, ಏನು ಓದಿಕೊಂಡು ಬರಲಿ ಅಂತ ಕೇಳಿದ್ದೀರಿ. ಏನೂ ಓದಬೇಡಿ. ಆ ಹೊತ್ತಲ್ಲಿ ಕಾಗದಪತ್ರ ಸರಿ ಮಾಡಿಕೊಳ್ಳಿ.

ಅಂಕಪಟ್ಟಿ ಯಾರೂ ಮರೆಯಲ್ಲ. ತಕರಾರು ಬರುವುದು ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಮತ್ತು ಒಂದು ವರ್ಷದ ಅನುಭವ ಪತ್ರದಲ್ಲಿ. ಸೇರಿದ ದಿನ, ಬಿಟ್ಟ ದಿನ, ಸಹಿ, ಸೀಲು ಎಲ್ಲ ಇದೆಯಾ ನೋಡಿ. 'ಚೆನ್ನಾಗಿ ಕೆಲಸ ಮಾಡಿದ್ದಾರೆ' ಅಂತ ಬರೆದು ತಾರೀಖೇ ಹಾಕದ ಪತ್ರ ಸುಮ್ನೆ ಕಾಗದ ಅಷ್ಟೇ.

ಇನ್ನೊಂದು, ಹೆಪಟೈಟಿಸ್ ಬಿ ಲಸಿಕೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಮೊದಲ ಡೋಸ್ ಆಗಿ 6 ತಿಂಗಳಿಗೆ ಮೂರನೆಯದು. ಬಿ.ಎಸ್ಸಿ.ಯಲ್ಲೇ ಹಾಕಿಸಿದ್ದೆ ಅನ್ನುವವರು ಬಹಳ. ಮೂರನೆಯದು ಆಯ್ತಾ ಅಂದರೆ ಮುಖ ಮುಖ ನೋಡುತ್ತಾರೆ. ಮೂರೂ ಆಗಿದ್ದರೆ ಆ್ಯಂಟಿ ಎಚ್‌ಬಿಎಸ್ ಟೈಟರ್ ರಕ್ತಪರೀಕ್ಷೆ ಮಾಡಿಸಿ, ಲಸಿಕೆಯಿಂದ ಎಷ್ಟು ಪ್ರತಿಕಾಯ ಬಂದಿದೆ ಅಂತ ಅದರಲ್ಲಿ ಗೊತ್ತಾಗುತ್ತೆ. 10 mIU/mL ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಇದೆ. ವಾರ್ಡಲ್ಲಿ ಸೂಜಿ ಚುಚ್ಚಿದ ಮೇಲೆ ಕಾರ್ಡ್ ಹುಡುಕುವುದಕ್ಕಿಂತ ಇದು ವಾಸಿ ಅಲ್ವಾ?

ಓರಿಯೆಂಟೇಶನ್‌ನಲ್ಲಿ ಭಾಷಣ ಜಾಸ್ತಿ ಇರುತ್ತೆ, ಕೂತು ಕೇಳಿ. ಬಿಡುವಲ್ಲಿ ಸೀನಿಯರ್ ಒಬ್ಬರನ್ನು ಹಿಡಿದು ಪ್ರಬಂಧದ ಸಿನಾಪ್ಸಿಸ್ (ರೂಪುರೇಷೆ) ಯಾವಾಗ ಕೊಡಬೇಕು, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಯಾವಾಗ ಸೇರುತ್ತೆ ಅಂತ ಕೇಳಿ. ಎರಡು ವರ್ಷದ ಕೋರ್ಸಿನಲ್ಲಿ ಮೊದಲು ಕೈಕೊಡುವುದು ಅದೇ.

ಚಿತ್ರದುರ್ಗದಿಂದ ಬೆಳಿಗ್ಗೆ ಬಸ್ಸಿಗೇ ಬರ್ತೀನಿ ಅಂದಿದ್ದೀರಿ. ಬರಬಹುದು. ಆದರೆ ಮಧ್ಯಾಹ್ನದ ಸೆಷನ್‌ಗೆ ಮೊದಲು ಬೆಣ್ಣೆದೋಸೆ ಬೇಡ, ನಿದ್ದೆ ಗ್ಯಾರಂಟಿ.