ಒಂದೂವರೆ ವರ್ಷದ ಮಗುವಿಗೆ ಆರ್ಗ್ಯಾನಿಕ್ ಹಾಲು: ಯಾವುದನ್ನು ನಂಬಬಹುದು?

ಪ್ಯಾಕೆಟ್ ಮೇಲೆ ಸರ್ಕಾರದ ಆರ್ಗ್ಯಾನಿಕ್ ಗುರುತು (‘ಜೈವಿಕ್ ಭಾರತ್’ ಅಥವಾ ಅದರ ಬದಲು ಬಂದ ‘ಯೂನಿಫೈಡ್ ಇಂಡಿಯಾ ಆರ್ಗ್ಯಾನಿಕ್’) ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಎರಡೂ ಇರುವ, ಪಾಶ್ಚರೀಕರಿಸಿದ, ಕೆನೆ ತೆಗೆಯದ ಹಾಲು ತಗೊಳ್ಳಿ. ‘ಎ2’, ‘ಫಾರ್ಮ್ ಫ್ರೆಶ್’, ‘ನಾಟಿ ಹಸು’ ಅಂತ ಬರೆದ ಮಾತ್ರಕ್ಕೆ ಅದು ಆರ್ಗ್ಯಾನಿಕ್ ಆಗುವುದಿಲ್ಲ.

ಗುರುತೇ ಯಾಕೆ? ಆರ್ಗ್ಯಾನಿಕ್ ಅನ್ನುವುದು ರುಚಿಯಲ್ಲೋ ಬಣ್ಣದಲ್ಲೋ ಕಾಣುವ ಗುಣವಲ್ಲ. ಹಸು ತಿಂದ ಮೇವು ಹೇಗೆ ಬೆಳೆಯಿತು, ಅದಕ್ಕೆ ಯಾವ ಔಷಧಿ ಕೊಟ್ಟರು ಅನ್ನುವ ಲೆಕ್ಕ ಅದು. ಹೊರಗಿನವರು ಬಂದು ಆ ಲೆಕ್ಕ ನೋಡಿದರೆ ತಾನೇ ನಂಬಿಕೆ, ಅಲ್ವಾ?

ಆದರೆ ನನಗೆ ಜಾಸ್ತಿ ಚಿಂತೆ ಅಫ್ಲಾಟಾಕ್ಸಿನ್ ಬಗ್ಗೆ. ಮಳೆಗಾಲದ ತೇವಕ್ಕೆ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷವೇ ಇದು. ಹಸು ತಿಂದರೆ ‘ಎಂ1’ ಎಂಬ ರೂಪದಲ್ಲಿ ಹಾಲಿಗೂ ಇಳಿಯುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಆರ್ಗ್ಯಾನಿಕ್ ಹಿಂಡಿಗೂ ಬೂಷ್ಟು ಬರುತ್ತದೆ! ಹಾಗಾಗಿ ಡೇರಿಯವರಿಗೆ ಫೋನ್ ಮಾಡಿ, ‘ಅಫ್ಲಾಟಾಕ್ಸಿನ್ ಎಂ1 ರಿಪೋರ್ಟ್ ಕಳಿಸಿ’ ಎಂದು ಕೇಳಿ. ನಮ್ಮಲ್ಲಿ ಮಿತಿ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ. ಕೊಡಲು ಹಿಂದೇಟು ಹಾಕಿದರೆ ಆ ಹಾಲು ಬಿಟ್ಟುಬಿಡಿ.

ಯಾವ ಹಸುವಿನದ್ದೇ ಆಗಲಿ, ಕಾಯಿಸದ ಹಸಿ ಹಾಲು ಮಗುವಿಗೆ ಬೇಡವೇ ಬೇಡ. ಆರ್ಗ್ಯಾನಿಕ್ ಸಿಗಲಿಲ್ಲ ಅಂತ ಸುಮ್ನೆ ಕೊರಗಬೇಡಿ. ನಂದಿನಿಯಂಥ ಮಾಮೂಲಿ ಪ್ಯಾಕೆಟ್ ಹಾಲೂ ಸಾಕು. ದಿನಕ್ಕೆ ಅರ್ಧ ಲೀಟರ್ ಮಾತ್ರ ದಾಟದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ರಾಗಿ, ಬೇಳೆ, ಸೊಪ್ಪು ಒಳಗೆ ಹೋಗದೆ ಮಗುವಿಗೆ ಕಬ್ಬಿಣಾಂಶ ಕಡಿಮೆಯಾಗುತ್ತದೆ.