ಡಿಒಐ ಇದ್ದರೆ ಜರ್ನಲನ್ನು ನಂಬಬಹುದೆ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಅಧ್ಯಾಪಕಿ. ಸಂಶೋಧನಾ ಪ್ರಬಂಧ ಕಳುಹಿಸುವಂತೆ ಕೋರಿ ಬಂದ ಇಮೇಲ್ ಒಂದರಲ್ಲಿ ‘ನಮ್ಮದು ಮುಕ್ತ ಪ್ರವೇಶದ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್, ಪ್ರತಿ ಲೇಖನಕ್ಕೂ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಕೊಡುತ್ತೇವೆ, ಕೋಪ್ (ಪ್ರಕಟಣಾ ನೈತಿಕತೆಯ ಸಮಿತಿ) ನಿಯಮಗಳನ್ನು ಪಾಲಿಸುತ್ತೇವೆ’ ಎಂದಿದೆ, ಶುಲ್ಕವನ್ನೂ ಕೇಳಿದ್ದಾರೆ. ಇವೆಲ್ಲ ಪ್ರಕಾಶಕರೇ ಸೇರಿ ಮಾಡಿಕೊಂಡ ವ್ಯವಸ್ಥೆಗಳಂತೆ. ಪೈಪೋಟಿಯಲ್ಲಿರುವವರು ಹೀಗೆ ಕೈಜೋಡಿಸುವುದೇಕೆ? ಇವನ್ನು ನೋಡಿ ಜರ್ನಲನ್ನು ನಂಬಬಹುದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೈಜೋಡಿಸಿದ್ದು ಔದಾರ್ಯದಿಂದಲ್ಲ, ಅನಿವಾರ್ಯದಿಂದ. ಒಬ್ಬ ಪ್ರಕಾಶಕರ ಪ್ರಬಂಧದ ಕೊನೆಯಲ್ಲಿರುವ ಉಲ್ಲೇಖಗಳಲ್ಲಿ ಬಹುಪಾಲು ಇತರ ಪ್ರಕಾಶಕರ ಪ್ರಬಂಧಗಳೇ ಆಗಿರುತ್ತವೆ. ಜರ್ನಲುಗಳು ಅಂತರ್ಜಾಲಕ್ಕೆ ಬಂದ ಮೇಲೆ ಈ ಉಲ್ಲೇಖಗಳಿಗೆ ಕೊಂಡಿ ಹಾಕಲು ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರೊಂದಿಗೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುವುದು ಅಸಾಧ್ಯವಾಗಿತ್ತು. ಆದ್ದರಿಂದ 2000ದಲ್ಲಿ ಪ್ರಕಾಶಕರು ಸೇರಿ ಕ್ರಾಸ್‌ರೆಫ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಇದರ ಸದಸ್ಯರು ಪ್ರತಿ ಪ್ರಬಂಧಕ್ಕೂ 10ರಿಂದ ಆರಂಭವಾಗುವ ಡಿಒಐ ಸಂಖ್ಯೆಯನ್ನು ನೋಂದಾಯಿಸುತ್ತಾರೆ. ಜಾಲತಾಣದ ವಿಳಾಸ ಬದಲಾದಾಗ ದಾಖಲೆಯನ್ನು ತಿದ್ದುವ ಹೊಣೆಯನ್ನೂ ಹೊರುತ್ತಾರೆ. ಆದರೆ ಜಮೀನಿಗೆ ಸರ್ವೆ ನಂಬರು ಇದ್ದ ಮಾತ್ರಕ್ಕೆ ಮಣ್ಣು ಫಲವತ್ತಾಗಿರಬೇಕೆಂದಿಲ್ಲವಲ್ಲ. ಡಿಒಐ ಕೂಡ ಪ್ರಬಂಧ ಎಲ್ಲಿದೆ ಎಂದು ತಿಳಿಸುತ್ತದೆಯೇ ಹೊರತು ಅದರ ಗುಣಮಟ್ಟವನ್ನಲ್ಲ.

ಈ ಸಹಕಾರ ಮುಂದೆ ಕೊಂಡಿ ಹಾಕುವುದಕ್ಕಷ್ಟೇ ನಿಲ್ಲಲಿಲ್ಲ. ಕೃತಿಚೌರ್ಯವನ್ನು ಪತ್ತೆಹಚ್ಚಲು, ಚಂದಾದಾರರಿಗೆ ಮಾತ್ರ ತೆರೆದಿರುವ ತಮ್ಮ ಪ್ರಬಂಧಗಳ ಪೂರ್ಣಪಾಠವನ್ನು ಸದಸ್ಯರು ಹೋಲಿಕೆಗೆ ಒದಗಿಸುತ್ತಾರೆ; ಹೀಗಾಗಿ ಒಬ್ಬರಲ್ಲಿ ಅಚ್ಚಾದದ್ದನ್ನು ಕದ್ದು ಇನ್ನೊಬ್ಬರಿಗೆ ಕಳುಹಿಸಿದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಇದಕ್ಕಿಂತ ಕಠಿಣವಾದದ್ದು, ಪ್ರಬಂಧಗಳನ್ನು ತಯಾರಿಸಿ ಮಾರುವ ದಂಧೆ. ಈ ದಂಧೆಯವರು ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಹಲವು ಜರ್ನಲುಗಳಿಗೆ ಕಳುಹಿಸಿದಾಗ, ಹಸ್ತಪ್ರತಿಗಳು ಗೌಪ್ಯವಾಗಿರುವ ಕಾರಣ ಯಾವ ಸಂಪಾದಕರಿಗೂ ಅದು ತಿಳಿಯದು. ಪ್ರಕಾಶಕರ ಅಂತರರಾಷ್ಟ್ರೀಯ ಸಂಘವಾದ ಎಸ್‌ಟಿಎಂ ರೂಪಿಸಿರುವ ಇಂಟೆಗ್ರಿಟಿ ಹಬ್, ಪ್ರಕಾಶಕರ ಎಲ್ಲೆಯನ್ನು ದಾಟಿ ಇಂತಹ ಜೋಡಿಗಳನ್ನು ಹುಡುಕಲು ನೆರವಾಗುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಕೆಲಸ, ತಪ್ಪು ಅಥವಾ ಮೋಸ ಕಂಡುಬಂದು ಜರ್ನಲುಗಳು ಹಿಂತೆಗೆದ ಪ್ರಬಂಧಗಳ ಕುರಿತಾದದ್ದು. ಹಿಂತೆಗೆದ ಮೇಲೂ ಅವು ಉಲ್ಲೇಖಗಳಲ್ಲಿ ಓಡಾಡುತ್ತಲೇ ಇರುತ್ತವೆ. ಹಿಂತೆಗೆತಗಳ ಮೇಲೆ ಕಣ್ಣಿಡುವ ರಿಟ್ರಾಕ್ಷನ್ ವಾಚ್ ಎಂಬ ತಾಣ ಇಂತಹವುಗಳ ಬಗ್ಗೆ ಸಂಗ್ರಹಿಸಿದ್ದ ದತ್ತಾಂಶವನ್ನು 2023ರಲ್ಲಿ ಕ್ರಾಸ್‌ರೆಫ್ ಪಡೆದು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ನಿಮ್ಮ ಪ್ರಬಂಧದ ಉಲ್ಲೇಖಗಳನ್ನೂ ಒಮ್ಮೆ ಅದರಲ್ಲಿ ನೋಡಿಕೊಳ್ಳಿ.

ಇಷ್ಟಾದರೂ ಈ ವ್ಯವಸ್ಥೆ ಎಡವುತ್ತದೆ. ಅದೇ 2023ರಲ್ಲಿ, ವೈಲಿ ಎಂಬ ಪ್ರಕಾಶನ ಕಂಪನಿ ಖರೀದಿಸಿದ್ದ ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯ ಮುಕ್ತ ಪ್ರವೇಶದ ಜರ್ನಲುಗಳಿಂದ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು. ಇವುಗಳಲ್ಲಿ ಬಹುಪಾಲು ವಿಶೇಷ ಸಂಚಿಕೆಗಳ ಮೂಲಕ ನುಸುಳಿದ್ದವು. ಪ್ರಬಂಧವೊಂದಕ್ಕೆ ಇಂತಿಷ್ಟು ಎಂದು ಲೇಖಕರಿಂದ ಹಣ ಪಡೆಯುವಲ್ಲಿ, ಪ್ರಬಂಧಗಳ ಸಂಖ್ಯೆ ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆ. ಆ ಆಮಿಷವನ್ನು ಯಾವ ತಂತ್ರಾಂಶವೂ ತೆಗೆದುಹಾಕಲಾರದು. ಹಾಗೆಂದು ಮುಕ್ತ ಪ್ರವೇಶವನ್ನೇ ಶಂಕಿಸಬೇಕಾಗಿಲ್ಲ: ಮುಕ್ತ ಜರ್ನಲುಗಳ ಪಟ್ಟಿಯಾದ ಡಿಒಎಜೆಯಲ್ಲಿರುವ ಹೆಚ್ಚಿನವು ಲೇಖಕರಿಂದ ಶುಲ್ಕವನ್ನೇ ಪಡೆಯುವುದಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲುಗಳನ್ನೂ ಅದರ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಇನ್ನು ಕೋಪ್. 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಜರ್ನಲುಗಳ ಸಂಪಾದಕರ ಸಣ್ಣ ಗುಂಪಾಗಿ ಆರಂಭವಾದ ಈ ಸಮಿತಿ, ದತ್ತಾಂಶ ಕಟ್ಟುಕಥೆಯೆಂಬ ಅನುಮಾನ ಬಂದಾಗ ಯಾರನ್ನು ಮೊದಲು ಕೇಳಬೇಕು, ಉತ್ತರ ಬರದಿದ್ದರೆ ಮುಂದೇನು ಎಂಬುದನ್ನು ಹಂತಹಂತವಾಗಿ ಸೂಚಿಸುತ್ತದೆ. ‘ಪಾಲಿಸುತ್ತೇವೆ’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು; ಸದಸ್ಯತ್ವವೇ ಬೇರೆ. ಆದ್ದರಿಂದ ಜರ್ನಲಿನ ಹೆಸರನ್ನು ಕೋಪ್‌ನ ಜಾಲತಾಣದ ಸದಸ್ಯರ ಪಟ್ಟಿಯಲ್ಲೂ ಡಿಒಎಜೆಯಲ್ಲೂ ನೀವೇ ಹುಡುಕಿ. ಹಳೆಯ ಸಂಚಿಕೆಯ ಒಂದು ಡಿಒಐಯನ್ನು ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ, ಅದು ನಿಜಕ್ಕೂ ಆ ಪ್ರಬಂಧಕ್ಕೇ ಕರೆದೊಯ್ಯುತ್ತದೆಯೇ ನೋಡಿ. ಮಾಲೀಕರು ಯಾರು, ಶುಲ್ಕವೆಷ್ಟು, ಪರಿಣತರ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ಜರ್ನಲು ಬಹಿರಂಗವಾಗಿ ಹೇಳಬೇಕೆಂದು ಕೋಪ್, ಡಿಒಎಜೆ, ಮುಕ್ತ ಪ್ರವೇಶದ ಪ್ರಕಾಶಕರ ಸಂಘವಾದ ಓಎಎಸ್‌ಪಿಎ ಮತ್ತು ವೈದ್ಯಕೀಯ ಜರ್ನಲುಗಳ ಸಂಪಾದಕರ ಸಂಘವಾದ ವೇಮ್ ಒಟ್ಟಾಗಿ ಹೊರತಂದಿರುವ ತತ್ವಗಳು ಹೇಳುತ್ತವೆ. ನಿಮಗೆ ಬಂದ ಇಮೇಲಿನವರು ಈ ಮೂರಕ್ಕೂ ಸ್ಪಷ್ಟ ಉತ್ತರ ಕೊಡುವವರೆಗೆ ಪ್ರಬಂಧವನ್ನೂ ಹಣವನ್ನೂ ಕಳುಹಿಸಬೇಡಿ.